ಶಿವಮೊಗ್ಗದ ಸಿಂಗಲ್ ರೂಮು: ಜನ ಹೇಳೋದೊಂದು, ಕಾನೂನು ಹೇಳೋದೊಂದು

ಜೂನ್ ಬಂತೆಂದರೆ ಶಿವಮೊಗ್ಗದ ವಿನೋಬನಗರ, ಗೋಪಾಳ, ರವೀಂದ್ರನಗರದ ಗೇಟುಗಳಲ್ಲಿ ‘ರೂಮ್ ಬಾಡಿಗೆಗೆ ಇದೆ’ ಎಂಬ ರಟ್ಟಿನ ಬೋರ್ಡುಗಳು ಕಾಣಿಸಿಕೊಳ್ಳುತ್ತವೆ. ಹೆಚ್ಚಿನವು ಮಾಲೀಕರ ಮನೆಯ ಮಹಡಿ ಮೇಲಿನ ಸಿಂಗಲ್ ರೂಮುಗಳು: ಒಂದೇ ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಪಕ್ಕಕ್ಕೆ ಬಚ್ಚಲು. ಬರುವವರು ಕಾಲೇಜು ಹುಡುಗರು, ಆಸ್ಪತ್ರೆಯ ನರ್ಸುಗಳು, ವರ್ಗವಾಗಿ ಬಂದ ನೌಕರರು. ಮಾಲೀಕರಿಗೊಂದು ಭಯ, ಬಾಡಿಗೆಗೆ ಬರುವವರಿಗೊಂದು ಭಯ. ಎರಡೂ ಯಾರೋ ಹೇಳಿದ ಮಾತನ್ನು ನಂಬಿಕೊಂಡ ಭಯಗಳೇ ಆದ್ದರಿಂದ ದುಡ್ಡೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ.

ನಂಬಿಕೆ: ಬಾಡಿಗೆದಾರ 12 ವರ್ಷ ಇದ್ದುಬಿಟ್ಟರೆ ಮನೆ ಅವನದೇ

ಮಾಲೀಕರ ಬಾಯಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ಒಳ್ಳೆಯ ಬಾಡಿಗೆದಾರರನ್ನೂ ಎರಡು ಮೂರು ವರ್ಷಕ್ಕೆ ಎಬ್ಬಿಸಿ ಕಳಿಸುವುದಕ್ಕೆ ಇದೇ ಕಾರಣ. ಆದರೆ ಬಾಡಿಗೆದಾರ ಒಳಗೆ ಬಂದದ್ದೇ ಮಾಲೀಕರ ಒಪ್ಪಿಗೆಯಿಂದ. ಬಾಡಿಗೆ ಕೊಡುತ್ತಾ 30 ವರ್ಷ ಇದ್ದರೂ ಅವನು ಬಾಡಿಗೆದಾರನೇ. ಮನೆ ಕೊಟ್ಟವರು ಮಾಲೀಕರೇ ಅಲ್ಲ ಎಂದು ಬಾಡಿಗೆಯಲ್ಲಿರುವಾಗ ಅವನು ವಾದಿಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. 12ರ ಲೆಕ್ಕ ಬರುವುದು 1963ರ ಕಾಲಮಿತಿ ಕಾಯ್ದೆಯಿಂದ: ಬಾಡಿಗೆ ಸಂಬಂಧ ಕಾನೂನುಬದ್ಧವಾಗಿ ಮುಗಿದ ಮೇಲೂ ಒಬ್ಬ ಜಾಗ ಬಿಡದಿದ್ದರೆ, ಸ್ವಾಧೀನಕ್ಕಾಗಿ ದಾವೆ ಹೂಡಲು ಮಾಲೀಕರಿಗೆ 12 ವರ್ಷ ಸಮಯ ಉಂಟು. ಆ ಗಡಿಯಾರ ಬಾಡಿಗೆದಾರ ಬಂದ ದಿನದಿಂದ ಓಡುವುದಲ್ಲ.

ಈ ಜಿಲ್ಲೆಯಲ್ಲಿ ಭಯ ಇಷ್ಟು ಆಳಕ್ಕೆ ಇಳಿದದ್ದೇಕೆ ಎಂಬುದಕ್ಕೆ ನನಗೆ ತೋಚುವ ಕಾರಣ ಬೇರೆಯೇ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು ಇಲ್ಲಿನ ಸಾಗರ ತಾಲ್ಲೂಕಿನಲ್ಲಿ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಡಿಕ್ಲರೇಷನ್ ಹಾಕಿ ಜಮೀನಿನ ಒಡೆಯರಾದದ್ದನ್ನು ಕಣ್ಣಾರೆ ಕಂಡ ಮನೆಗಳು ಇಲ್ಲಿ ಲೆಕ್ಕವಿಲ್ಲದಷ್ಟು. ‘ಉಳುವವನೇ ಹೊಲದೊಡೆಯ’ ಎಂಬುದು ನ್ಯಾಯದ ಕಾನೂನೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದು ಕೃಷಿ ಭೂಮಿಯ ಗೇಣಿಗೆ ಬಂದ ಕಾನೂನು. ಪೇಟೆಯ ಮಹಡಿ ಮೇಲಿನ ರೂಮಿಗೂ ಅದಕ್ಕೂ ಸಂಬಂಧವಿಲ್ಲ.

ನಂಬಿಕೆ: 11 ತಿಂಗಳ ಕರಾರು ಮುಗಿದ ಮರುದಿನವೇ ಹೊರಗೆ ಹಾಕಬಹುದು

11 ತಿಂಗಳು ಅಂತ ಬರೆಯುವುದು ನೋಂದಣಿ ತಪ್ಪಿಸಿಕೊಳ್ಳಲಿಕ್ಕೆ, ಅಷ್ಟೇ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಣ್ಣಲ್ಲಿ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಬೇರೆ ಕರಾರಿಲ್ಲದಿದ್ದರೆ ಬಿಡಿಸಲು 15 ದಿನಗಳ ಲಿಖಿತ ನೋಟಿಸು ಬೇಕು. ನೋಟಿಸಿಗೂ ಬಗ್ಗದಿದ್ದರೆ ದಾರಿ ಕೋರ್ಟು. ಬೀಗ ಬದಲಾಯಿಸುವುದು, ಸಾಮಾನು ಅಂಗಳಕ್ಕೆ ಎಸೆಯುವುದು ಸಲ್ಲದು. ಹಾಗೆ ಹೊರಬಿದ್ದವನು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಸ್ವಾಧೀನ ಕೇಳಬಹುದು. ಆದರೆ ಇಪ್ಪತ್ತು ವರ್ಷದ ಹುಡುಗನೊಬ್ಬ ಸೂಟ್‌ಕೇಸ್ ಹಿಡಿದು ಕೋರ್ಟಿಗೆ ಹೋಗುತ್ತಾನೆಯೇ? ಹೋಗುವುದಿಲ್ಲ. ಅದಕ್ಕೇ ಈ ವಿಷಯ ಎರಡೂ ಕಡೆಯವರಿಗೆ ಮೊದಲೇ ಗೊತ್ತಿರಬೇಕು.

ಕಾನೂನಿನ ಮಾತು ಸ್ವಲ್ಪ ಬಿಟ್ಟು ಊರಿನ ಹೊಳೆ ತುಂಗೆಯ ವಿಚಾರಕ್ಕೆ ಬರೋಣ. ತುಂಗೆಯ ಹತ್ತಿರದ ಮನೆ ಎಂದರೆ ನೀರಿಗೆ ತಾಪತ್ರಯವಿಲ್ಲ ಎಂದು ಹೊರ ಊರಿನವರು ನಂಬುತ್ತಾರೆ. ನಲ್ಲಿಗೆ ನೀರು ಬರುವುದು ಶುದ್ಧೀಕರಣ ಘಟಕ, ಓವರ್‌ಹೆಡ್ ಟ್ಯಾಂಕು, ಪೈಪು ಹಾದು. ಹೊಳೆ ಎಷ್ಟು ಹತ್ತಿರ ಎನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮಹಡಿ ರೂಮು ನೋಡಲು ಹೋದಾಗ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನಲ್ಲಿ ತಿರುಗಿಸಿ. ಎಲ್ಲರೂ ನೀರು ಬಳಸುವ ಹೊತ್ತು ಅದು, ಒತ್ತಡ ಎಷ್ಟಿದೆ ಎಂದು ಆಗಲೇ ತಿಳಿಯುವುದು.

ಅದಕ್ಕಿಂತ ಅಪಾಯದ ನಂಬಿಕೆ ನೆರೆಯದು. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿನ ಮಂಟಪ ಮುಳುಗುವವರೆಗೆ ಊರಿಗೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಮಂಟಪ ಮುಳುಗಿತೆಂದರೆ ಊರಿಗೆ ಊರೇ ಸೇತುವೆ ಮೇಲೆ ನಿಂತು ನೋಡುವುದೂ ನಿಜ. ಮಂಟಪ ತೋರಿಸುವುದು ಹೊಳೆಯ ಮಟ್ಟವನ್ನು, ನಿಮ್ಮ ಬೀದಿಯ ಮಟ್ಟವನ್ನಲ್ಲ. ಹೊಳೆ ತುಂಬಿ ಹರಿಯುವಾಗ ಚರಂಡಿ, ರಾಜಕಾಲುವೆಯ ನೀರಿಗೆ ಹೊರಹೋಗಲು ಜಾಗವಿರುವುದಿಲ್ಲ. ಅದು ಹಿಂದಕ್ಕೆ ಒತ್ತಿ ಬಂದು ತಗ್ಗಿನ ಮನೆಗಳ ಬಚ್ಚಲಿನಿಂದಲೇ ಉಕ್ಕುತ್ತದೆ. ಮೇಲೆ ಗಾಜನೂರಿನಲ್ಲಿ ಅಣೆಕಟ್ಟು ಇದೆಯಲ್ಲ ಎಂಬ ಧೈರ್ಯವೂ ಬೇಡ: ಅದರ ಸಾಮರ್ಥ್ಯ ಸುಮಾರು 3.24 ಟಿಎಂಸಿ ಮಾತ್ರ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಸುರಿದರೆ ಒಳಬಂದ ನೀರನ್ನು ಬಂದ ಹಾಗೇ ಬಿಡಬೇಕಾಗುತ್ತದೆ. ಊರಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುವುದು ಹೀಗೆ. 2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ, ವಿದ್ಯಾನಗರದ ಕಡೆಯ ತಗ್ಗು ಮನೆಗಳಿಗೆ ನೀರು ನುಗ್ಗಿತ್ತು. ನೆಲಮಹಡಿಯ ರೂಮಾದರೆ ‘ಆ ವರ್ಷ ಇಲ್ಲಿಗೆ ಎಷ್ಟು ಎತ್ತರ ಬಂದಿತ್ತು?’ ಎಂದು ಮಾಲೀಕರನ್ನಲ್ಲ, ಎದುರಿನ ಅಂಗಡಿಯವರನ್ನು ಕೇಳಿ.

ನಂಬಿಕೆ: ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಕಾನೂನು

ಕಾನೂನಲ್ಲ, ರೂಢಿ. ಕರಾರಿನಲ್ಲಿ ಬರೆದು ಇಬ್ಬರೂ ಒಪ್ಪಿದ್ದರೆ ಸರಿ. ಬರೆಯದಿದ್ದರೆ, ಕೊಟ್ಟ ಸ್ಥಿತಿಯಲ್ಲೇ ಮನೆಯನ್ನು ಹಿಂದಿರುಗಿಸುವುದು ಬಾಡಿಗೆದಾರನ ಹೊಣೆ, ದಿನಬಳಕೆಯ ಸಹಜ ಸವೆತ ಅದರಲ್ಲಿ ಸೇರದು. ಮಲೆನಾಡಿನ ಮಳೆಗಾಲದಲ್ಲಿ ಸಜ್ಜಾದ ಕೆಳಗೆ ಗೋಡೆ ಒದ್ದೆಯಾಗಿ, ಸುಣ್ಣ ಉಬ್ಬಿ, ಕಿಟಕಿಯ ಮೂಲೆಗೆ ಕಪ್ಪು ಬೂಸ್ಟು ಹತ್ತುವುದು ಸಾಮಾನ್ಯವಾಗಿ ಬಾಡಿಗೆದಾರ ಮಾಡಿದ್ದಲ್ಲ, ಮಳೆನೀರು ಗೋಡೆಯೊಳಗೆ ಇಳಿಯುವುದರಿಂದ, ತೇವದಿಂದ ಆದದ್ದು. ಒಳಗೆ ಕಾಲಿಟ್ಟ ದಿನವೇ ನಾಲ್ಕೂ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡಿ. ಮೊದಲ ಕೆಲಸಕ್ಕೆ ಸೇರಿದ ಹುಡುಗಿಯ ಅಡ್ವಾನ್ಸ್ ಹಳೇ ಗೋಡೆಯ ಬಣ್ಣಕ್ಕೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಇನ್ನು, ಅಡ್ವಾನ್ಸ್ ಎರಡೇ ತಿಂಗಳದ್ದು ಇರಬೇಕು ಎಂಬುದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯ ಮಾತು. ರಾಜ್ಯವೊಂದು ತನ್ನ ಕಾನೂನಾಗಿ ತಂದುಕೊಂಡಲ್ಲಿ ಮಾತ್ರ ಅದಕ್ಕೆ ಬಲ.

ಕೊನೆಗೆ ಕರೆಂಟು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಮಾಲೀಕರಿಗೆ ಮಾತ್ರ ಎನ್ನುವುದು ಸುಳ್ಳು. ಬಾಡಿಗೆದಾರರೂ ತಮ್ಮ ಆಧಾರ್ ಕೊಟ್ಟು ಮನೆಯ ಮೀಟರಿಗೆ ನೋಂದಾಯಿಸಿಕೊಳ್ಳಬಹುದು. ತೊಡಕು ಇರುವುದು ಮೂರು ನಾಲ್ಕು ರೂಮಿಗೆ ಒಂದೇ ಮೆಸ್ಕಾಂ ಮೀಟರ್ ಇದ್ದು, ರೂಮಿಗೊಂದು ಸಬ್ ಮೀಟರ್ ಹಾಕಿರುವ ಕಡೆ. ಮೆಸ್ಕಾಂಗೆ ಗೊತ್ತಿರುವುದು ಒಂದೇ ಆರ್‌ಆರ್ ನಂಬರ್, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ. ಎಲ್ಲ ರೂಮುಗಳ ಬಳಕೆ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ‘ಈ ರೂಮಿಗೆ ಬೇರೆ ಆರ್‌ಆರ್ ನಂಬರ್ ಇದೆಯಾ?’ ಎಂದು ಕೇಳಿ, ಹಿಂದಿನ ತಿಂಗಳ ಬಿಲ್ ತರಿಸಿ ನೋಡಿ. ಖಾಲಿ ಮಾಡುವಾಗ ಆ ಮೀಟರಿನಿಂದ ನಿಮ್ಮ ಆಧಾರ್ ಜೋಡಣೆಯನ್ನು ತೆಗೆಸಿ. ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ನಿಮಗೂ, ಈ ರೂಮಿಗೆ ಹೊಸದಾಗಿ ಬರುವವರಿಗೂ ಸೌಲಭ್ಯ ಸಿಗುವುದು ತಡವಾಗುತ್ತದೆ.