ಮತ್ತೆ ಬರುವ ಕಾಲಿನ ಲೆಕ್ಕ

ಅಘನಾಶಿನಿ ನದಿ ಕಡಲು ಸೇರುವಲ್ಲಿನ ಕೆಸರಿನಲ್ಲಿ ಏಡಿ ಹಿಡಿಯಲು ಹೋದ ಬಾಲ್ಯದ ಒಂದು ಸಂಜೆ ಈಗಲೂ ನೆನಪಿದೆ. ಬಿಲದಿಂದ ಎಳೆದ ಏಡಿ ತಪ್ಪಿಸಿಕೊಂಡಿತ್ತು. ಅದರ ಕಾಲೊಂದು ಮಾತ್ರ ನನ್ನ ಬೆರಳುಗಳ ನಡುವೆ ಉಳಿದು ಮಿಸುಕುತ್ತಿತ್ತು. ಅಳುಮೋರೆ ಮಾಡಿಕೊಂಡ ನನಗೆ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: ‘ಬಿಡೋ, ಅದಕ್ಕೆ ಮತ್ತೆ ಬರ್ತದೆ.’ ಮುಂದೆ ಮೂರು ದಶಕ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವಾಗಲೂ ಅದೇ ಮಾತನ್ನು ತುಸು ಗಂಭೀರ ಪದಗಳಲ್ಲಿ ಹೇಳುತ್ತ ಬಂದೆ. ಆ ಮಾತು ಸುಳ್ಳಲ್ಲ. ಆದರೆ ಹೊಸ ಕಾಲಿಗೆ ಏಡಿ ತೆರುವ ಬೆಲೆ ಎಷ್ಟೆಂಬುದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಲಿಲ್ಲ.

ಅಂದು ಆ ಕಾಲು ನನ್ನ ಎಳೆತಕ್ಕೆ ಕಿತ್ತು ಬಂದಿರಲಿಲ್ಲ; ಏಡಿಯೇ ಅದನ್ನು ಬಿಟ್ಟುಕೊಟ್ಟಿತ್ತು. ಪ್ರತಿ ಕಾಲಿನ ಬುಡದ ಬಳಿ ಮುರಿಯಲೆಂದೇ ಗೊತ್ತಾದ ಒಂದು ರೇಖೆಯಿದೆ. ಅಪಾಯ ಬಂದಾಗ ಅಲ್ಲಿನ ವಿಶೇಷ ಸ್ನಾಯು ಸಂಕುಚಿಸಿ ಕಾಲು ಆ ರೇಖೆಯಲ್ಲೇ ತುಂಡಾಗುತ್ತದೆ, ಒಳಗಿನ ತೆಳುಪದರವೊಂದು ಗಾಯವನ್ನು ಮುಚ್ಚಿ ರಕ್ತ ಸೋರದಂತೆ ತಡೆಯುತ್ತದೆ. ಕೆಲ ದಿನಗಳಲ್ಲಿ ಅಲ್ಲಿ ಮೊಗ್ಗೊಂದು ಮೂಡುತ್ತದೆ. ಅದರೊಳಗೆ ಪುಟ್ಟ ಕಾಲು, ಗಂಟುಗಳ ಸಮೇತ, ಮಡಚಿಕೊಂಡು ಕುಳಿತಿರುತ್ತದೆ. ಆದರೆ ಹಳೆಯ ಚಿಪ್ಪನ್ನು ಕಳಚುವ ತನಕ ಅದು ಬಿಡಿಸಿಕೊಳ್ಳುವಂತಿಲ್ಲ. ಕಾಲು ಚಿಗುರುವ ಕಥೆಯೆಂದರೆ ಪೊರೆ ಕಳಚುವ ಕಥೆಯೇ.

ಪೊರೆ ಕಳಚಲು ಅಪ್ಪಣೆ ಕೊಡುವುದು ಎಕ್ಡೈಸೋನ್ ಎಂಬ ಹಾರ್ಮೋನು. ಇದು ನಮಗೆ ತೀರ ಅಪರಿಚಿತವೇನಲ್ಲ. ರಾಮನಗರದ ಕಡೆಯ ಬೆಳೆಗಾರರು ರೇಷ್ಮೆ ಹುಳುವಿಗೆ ‘ಜ್ವರ’ ಎನ್ನುವುದು ಪೊರೆ ಬಿಡುವ ಸ್ಥಿತಿಯನ್ನೇ. ಅದನ್ನು ತರುವುದೂ ಇದೇ ಹಾರ್ಮೋನು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಇದನ್ನು ಮೊದಲು ಬೇರ್ಪಡಿಸಿದ್ದು ರೇಷ್ಮೆ ಗೂಡಿನೊಳಗಿನ ಹುಳುಗಳಿಂದ. 500 ಕಿಲೋ ಹುಳುಗಳಿಗೆ ಸಿಕ್ಕಿದ್ದು 25 ಮಿಲಿಗ್ರಾಂ. ಏಡಿಯ ದೇಹದಲ್ಲಿ ಇದನ್ನು ಸ್ರವಿಸುವ ಜೋಡಿ ಗ್ರಂಥಿಗಳಿಗೆ ‘ವೈ ಅಂಗ’ ಎಂದು ಹೆಸರು. ಈ ಹಾರ್ಮೋನು ಜೀವಕೋಶದೊಳಗೆ ತನಗೆಂದೇ ಇರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು, ಡಿಎನ್‌ಎ ಮೇಲಿನ ನಿರ್ದಿಷ್ಟ ಜೀನುಗಳನ್ನು ಎಬ್ಬಿಸುತ್ತದೆ.

ಸ್ವಾರಸ್ಯವಿರುವುದು ಗ್ರಂಥಿಯಲ್ಲಿ ಅಲ್ಲ, ಅದರ ಕಡಿವಾಣದಲ್ಲಿ. ಆ ಕಡಿವಾಣ ಇರುವುದು ಏಡಿಯ ಕಣ್ಣಿನ ತೊಟ್ಟಿನೊಳಗೆ. ಅಲ್ಲಿಂದ ಸದಾ ಒಸರುವ ಇನ್ನೊಂದು ಹಾರ್ಮೋನು, ಪೊರೆ ಕಳಚಬೇಡವೆಂದು ವೈ ಅಂಗವನ್ನು ಹಿಡಿದಿಟ್ಟಿರುತ್ತದೆ. ಅದರ ಹಿಡಿತ ಸಡಿಲವಾದಾಗ ವೈ ಅಂಗದಲ್ಲಿ ಎಂಟಾರ್ ಎಂಬ ಪ್ರೋಟೀನಿನ ಸಂಕೇತಜಾಲ ಚುರುಕಾಗಿ, ಗ್ರಂಥಿ ಹಿಗ್ಗಿ, ಎಕ್ಡೈಸೋನ್ ಏರತೊಡಗುತ್ತದೆ. ಕಣ್ಣಿನ ತೊಟ್ಟು ಕತ್ತರಿಸಿದ ಏಡಿಗಳು ಬೇಗ ಪೊರೆ ಕಳಚುತ್ತವೆಂದು ಅಮೆರಿಕದ ಚಾರ್ಲ್ಸ್ ಜೆಲೆನಿ 1905ರಲ್ಲೇ ಗಮನಿಸಿದ್ದರು.

ಇನ್ನು ಲೆಕ್ಕದ ವಿಷಯ. ಕೆರಿಬಿಯನ್ ತೀರದ ನೆಲದೇಡಿಗಳ ಮೇಲೆ ಡೊರೊತಿ ಸ್ಕಿನ್ನರ್ ನಡೆಸಿದ ಪ್ರಯೋಗಗಳನ್ನು ಓದಿದಾಗ ನಾನು ಬೆರಗಾಗಿದ್ದೆ. ಐದು ಅಥವಾ ಹೆಚ್ಚು ನಡೆಗಾಲುಗಳನ್ನು ಕಳೆದುಕೊಂಡ ಏಡಿ ಅವಧಿಗೆ ಮೊದಲೇ ಪೊರೆ ಕಳಚಲು ಸಿದ್ಧವಾಗುತ್ತದೆ. ಆದರೆ ಆ ಸಿದ್ಧತೆಯ ಆರಂಭದಲ್ಲಿ ಮೊಗ್ಗನ್ನು ಚಿವುಟಿದರೆ ಎಕ್ಡೈಸೋನ್ ಕುಸಿಯುತ್ತದೆ. ಇನ್ನೊಂದು ಮೊಗ್ಗು ಮೂಡಿ ಬೆಳೆಯುವವರೆಗೆ ಇಡೀ ದೇಹ ಕಾಯುತ್ತದೆ. ಎಷ್ಟು ಕಾಲು ಹೋಗಿದೆ, ಎಷ್ಟು ಚಿಗುರಿದೆ ಎಂಬ ಸುದ್ದಿ ಬುಡದಿಂದ ಗ್ರಂಥಿಗೆ ಮುಟ್ಟುತ್ತಿರುತ್ತದೆ ಎಂದಾಯಿತು.

ಈ ವ್ಯವಹಾರದಲ್ಲಿ ಏಡಿ ತನ್ನ ಮಾಂಸವನ್ನೂ ಒತ್ತೆಯಿಡುತ್ತದೆ. ದಪ್ಪನೆಯ ಇಕ್ಕಳ ಹಳೆ ಚಿಪ್ಪಿನ ಕಿರಿದಾದ ಕೀಲಿನ ಮೂಲಕ ನುಸುಳಿ ಹೊರಬರಬೇಕಲ್ಲ! ಅದಕ್ಕಾಗಿ ಒಳಗಿನ ಸ್ನಾಯು ಶೇಕಡಾ 40ರಷ್ಟು ಕರಗಬಲ್ಲದು. ಉಪವಾಸದಲ್ಲಿ ಸ್ನಾಯು ಸೊರಗುವಂತಲ್ಲ ಇದು. ಇಲ್ಲಿ ಹಳೆಯ ಪ್ರೋಟೀನು ಒಡೆಯುವಾಗಲೇ ಹೊಸದರ ತಯಾರಿಯೂ ಹೆಚ್ಚುತ್ತದೆ. ಹೊರಬಂದ ಏಡಿ ನೀರು ಹೀರಿ ಉಬ್ಬುತ್ತದೆ, ಮೈ ಮೆತ್ತಗಿರುತ್ತದೆ. ನಮ್ಮ ಕಡೆಯ ಹೆಂಗಸರು ಹೊಟ್ಟೆ ಒತ್ತಿ ನೋಡಿ ‘ಬರೀ ನೀರು’ ಎಂದು ಬದಿಗಿಡುವುದು ಇಂಥದ್ದನ್ನೇ. ಬಂದ ಕಾಲೂ ಯಾವಾಗಲೂ ಹಳೆಯದರಂತಿರುವುದಿಲ್ಲ. ಕೆಲವು ಪಿಟೀಲು ಏಡಿಗಳ ಗಂಡುಗಳಲ್ಲಿ ಎರಡನೆಯ ಸಲ ಬೆಳೆದ ದೊಡ್ಡ ಇಕ್ಕಳ ಉದ್ದದಲ್ಲಿ ಕಡಿಮೆಯಿಲ್ಲ, ಬಲದಲ್ಲಿ ಪೊಳ್ಳು.

‘ಮತ್ತೆ ಬರುತ್ತದೆ’ ಎಂಬ ಮಾತಿನ ಮೇಲೆ ಉದ್ಯಮವನ್ನೇ ಕಟ್ಟಿದವರೂ ಇದ್ದಾರೆ. ಫ್ಲಾರಿಡಾದ ಕಡಲಲ್ಲಿ ಕಲ್ಲೇಡಿಯ ಇಕ್ಕಳ ಮುರಿದುಕೊಂಡು ಏಡಿಯನ್ನು ನೀರಿಗೆ ಬಿಡುವುದೇ ಕಾನೂನಿನ ಕ್ರಮ. ಅಳತೆಗೆ ಸರಿಯಿದ್ದರೆ ಎರಡನ್ನೂ ಮುರಿಯಬಹುದು. ಕೇಳಲು ಅಹಿಂಸೆಯಂತಿದೆ. ಆದರೆ 1970ರ ದಶಕದ ಅಧ್ಯಯನವೊಂದರಲ್ಲಿ ಒಂದು ಇಕ್ಕಳ ಕಳೆದುಕೊಂಡವುಗಳಲ್ಲಿ ಶೇಕಡಾ 28, ಎರಡನ್ನೂ ಕಳೆದುಕೊಂಡವುಗಳಲ್ಲಿ ಶೇಕಡಾ 47 ಸತ್ತುಹೋದವು. ಸತ್ತ ಏಡಿಗೆ ಯಾವ ಮೊಗ್ಗೂ ಮೂಡದು.

ಜೆಲೆನಿ ಕಂಡದ್ದರ ಇನ್ನೊಂದು ಕವಲು ನಮ್ಮ ಮನೆಬಾಗಿಲಿಗೇ ಬಂದಿದೆ. ಅಂಡಾಶಯ ಬಲಿಯದಂತೆ ತಡೆಯುವ ಹಾರ್ಮೋನು ಕೂಡ ಆ ಕಣ್ಣಿನ ತೊಟ್ಟಿನಲ್ಲೇ ಇರುವುದರಿಂದ, ಸೀಗಡಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ ತಾಯಿ ಸೀಗಡಿಯ ಒಂದು ಕಣ್ಣನ್ನು ಕತ್ತರಿಸುವುದು ಜಗತ್ತಿನಾದ್ಯಂತ ರೂಢಿಯಾಯಿತು. ನಮ್ಮ ದೇಶವೂ ಹೊರತಲ್ಲ. ಕಣ್ಣು ಉಳಿಸಿಯೇ ಮೊಟ್ಟೆ ಪಡೆಯುವ ಪ್ರಯತ್ನಗಳು ಈಚೆಗೆ ನಡೆದಿವೆ. ಬ್ರಿಟನ್ 2022ರ ತನ್ನ ಕಾಯ್ದೆಯಲ್ಲಿ ಏಡಿ, ಸೀಗಡಿಗಳನ್ನು ನೋವು ಅರಿಯಬಲ್ಲ ಜೀವಿಗಳ ಸಾಲಿಗೆ ಸೇರಿಸಿತು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೂ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಗಳನ್ನೂ ‘ಪ್ರಾಣಿ’ ಎನ್ನುತ್ತದೆ. ಆ ವ್ಯಾಖ್ಯೆಯಲ್ಲಿ ಸೀಗಡಿಯ ಕಣ್ಣೂ ಇದೆಯೆಂದು ನಾವು ಓದಿಕೊಂಡಿಲ್ಲ, ಅಷ್ಟೆ.

ಕಳೆದ ಸಲ ಊರಿಗೆ ಹೋದಾಗ ಸಂತೆಯ ಬುಟ್ಟಿಯಲ್ಲಿದ್ದ ಏಡಿಯೊಂದರ ಬಲಗಡೆಯ ಇಕ್ಕಳ ಎಡಗಡೆಯದರ ಅರ್ಧದಷ್ಟಿತ್ತು, ಬಣ್ಣವೂ ತುಸು ತಿಳಿ. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು ಮಾರುವಾಕೆ ಕೈ ಚಾಚಿದಳು: ‘ಅದು ಬೇಡ ಮಾಸ್ತರೇ, ಅದರ ಒಂದು ಕೈ ಸಣ್ಣದು. ಬೇರೆ ಕೊಡ್ತೆ.’