ಬಾಗಿಲ ಬಳಿಯ ಜನಸಂದಣಿ

ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರಂದು ಕನ್ಯಾಮಾತೆಯ ಹಬ್ಬಕ್ಕೂ, ಕಾರ್ಕಳದ ಅತ್ತೂರಿನಲ್ಲಿ ಜನವರಿಯಲ್ಲಿ ಜರಗುವ ಸಂತ ಲಾರೆನ್ಸರ ಮಹೋತ್ಸವಕ್ಕೂ ಅಪಾರ ಸಂಖ್ಯೆಯ ಭಕ್ತಾದಿಗಳು ಆಗಮಿಸುತ್ತಾರೆ. ಇಂತಹ ಜನಸಮೂಹ ಹೇಗೆ ಚಲಿಸುತ್ತದೆ, ಎಲ್ಲಿ ಸಿಲುಕುತ್ತದೆ ಎಂಬುದನ್ನು ಕಂಪ್ಯೂಟರಿನ ನೆರವಿನಿಂದ ಮುಂಚಿತವಾಗಿಯೇ ಅಂದಾಜು ಮಾಡಬಹುದಾಗಿದೆ.

ಡಿರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೊಲ್ನಾರ್ ಎಂಬ ವಿಜ್ಞಾನಿಗಳು 1995ರಲ್ಲಿ ಇದಕ್ಕೊಂದು ಗಣಿತ ಮಾದರಿಯನ್ನು ಪ್ರಕಟಿಸಿದರು. ಪ್ರತಿಯೊಬ್ಬ ಪಾದಚಾರಿಯನ್ನು ಗುರಿಯತ್ತ ಸೆಳೆಯುವ, ಇತರರಿಂದಲೂ ಗೋಡೆಗಳಿಂದಲೂ ದೂರ ಸರಿಸುವ ಬಲಗಳನ್ನು ಅದು ಲೆಕ್ಕ ಹಾಕುತ್ತದೆ. 2000ದಲ್ಲಿ ಹೆಲ್ಬಿಂಗ್ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನವು ಸೋಜಿಗದ ಸಂಗತಿಯನ್ನು ತೋರಿಸಿಕೊಟ್ಟಿತು. ಇಕ್ಕಟ್ಟಾದ ಬಾಗಿಲಲ್ಲಿ ಎಲ್ಲರೂ ಆತುರಪಟ್ಟಾಗ ಮೈಗೆ ಮೈ ಒತ್ತಿ, ಜನ ಕಮಾನಿನಂತೆ ಬಿಗಿದುಕೊಳ್ಳುತ್ತಾರೆ. ಹೊರಹೋಗುವುದು ಇನ್ನಷ್ಟು ತಡವಾಗುತ್ತದೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಅಸುನೀಗಿದರು. ಇಂತಹ ವೇಳೆ ಜನರ ಅವಸರವನ್ನು ದೂರುವುದು ಸುಲಭ. ಆದರೆ ಹಿಂದೆ ನಿಂತವನಿಗೆ ಮುಂದೆ ಉಸಿರುಗಟ್ಟುತ್ತಿರುವವರು ಕಾಣುವುದಿಲ್ಲ. ಆದುದರಿಂದ ತಾಳ್ಮೆಯ ಉಪದೇಶವೊಂದೇ ಸಾಲದು. ಒಳಬರಲು ಒಂದು, ಹೊರಹೋಗಲು ಇನ್ನೊಂದು ದಾರಿಯಿರಲಿ. ದಟ್ಟಣೆ ಹೆಚ್ಚುವ ಮುನ್ನವೇ ಹಿಂದಿನವರನ್ನು ತಡೆದು ನಿಲ್ಲಿಸುವ ಸ್ವಯಂಸೇವಕರಿರಲಿ. ದೀಪಾಲಂಕಾರಕ್ಕೆ ತೋರುವ ಕಾಳಜಿಯನ್ನು ನಮ್ಮ ಹಬ್ಬದ ಸಮಿತಿಗಳು ಬಾಗಿಲುಗಳಿಗೂ ತೋರಿದರೆ, ಹರಕೆ ಹೊತ್ತು ಬಂದವರೆಲ್ಲರೂ ಸುರಕ್ಷಿತವಾಗಿ ಮನೆ ಸೇರುವರು.