ನಡೆದ ಹಾದಿಯನ್ನು ನೆನೆಯುವ ಹನಿ

ಎಣ್ಣೆಯ ಪಾತ್ರೆಗೆ ಒಂದು ಹನಿ ಎಣ್ಣೆ ಬಿದ್ದರೆ ಅದು ಕ್ಷಣಮಾತ್ರದಲ್ಲಿ ಬೆರೆತು ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಸಿಲಿಕೋನ್ ಎಣ್ಣೆ ತುಂಬಿದ ತಟ್ಟೆಯನ್ನು ಮೇಲೆ ಕೆಳಗೆ ಒಂದೇ ಸಮನೆ ವೇಗವಾಗಿ ಕಂಪಿಸುವಂತೆ ಮಾಡಿದರೆ, ಅದರ ಮೇಲೆ ಬಿದ್ದ ಸಣ್ಣ ಹನಿಯು ಬೆರೆಯುವುದಿಲ್ಲ. ನಡುವೆ ಸಿಲುಕಿದ ಗಾಳಿಯ ತೆಳುಪೊರೆ ತಡೆಯುವುದರಿಂದ ಅದು ಪುಟಿಯುತ್ತಲೇ ಇರುತ್ತದೆ. ಕಂಪನವನ್ನು ಇನ್ನಷ್ಟು ಹೆಚ್ಚಿಸಿದಾಗ ಹನಿಯು ತಾನಾಗಿ ನಡೆಯತೊಡಗುವುದೆಂದು ಪ್ಯಾರಿಸ್ಸಿನ ಭೌತವಿಜ್ಞಾನಿ ಈವ್ ಕುಡೇರ್ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದರು.

ಈ ನಡಿಗೆಯ ಮರ್ಮವೇನು? ಹನಿಯು ಪುಟಿದಲ್ಲೆಲ್ಲ ಒಂದು ಕಿರುಅಲೆ ಏಳುತ್ತದೆ. ಆ ಅಲೆಯ ಇಳಿಜಾರಿನ ಮೇಲೆ ಬಿದ್ದ ಹನಿಯು ಮುಂದಕ್ಕೆ ತಳ್ಳಲ್ಪಡುತ್ತದೆ. ಎದ್ದ ಅಲೆಯಾದರೋ ಕೂಡಲೇ ಅಡಗದೆ ಕೆಲಕಾಲ ಉಳಿಯುತ್ತದೆ. ಆದುದರಿಂದ ಹನಿಯ ಮುಂದಿನ ಹೆಜ್ಜೆಯನ್ನು ನಿರ್ಧರಿಸುವುದು ಹಿಂದಿನ ಒಂದು ಹೆಜ್ಜೆಯಲ್ಲ, ಅನೇಕ ಹೆಜ್ಜೆಗಳ ಅಲೆಗಳು ಕೂಡಿದ ಮೊತ್ತ. ವಿಜ್ಞಾನಿಗಳು ಇದನ್ನು 'ಹಾದಿಯ ನೆನಪು' ಎಂದು ಕರೆದರು. ನೆನಪು ಇರುವುದು ಹನಿಯೊಳಗಲ್ಲ, ಅದು ತುಳಿದ ಎಣ್ಣೆಯ ಮೇಲ್ಮೈಯಲ್ಲಿ ಎಂಬುದನ್ನು ಗಮನಿಸಬೇಕು.

1827ರಲ್ಲಿ ರಾಬರ್ಟ್ ಬ್ರೌನ್ ನೀರಿನಲ್ಲಿ ಕಂಡ ಪರಾಗದ ಕಣಗಳ ಚಡಪಡಿಕೆ ಇದಕ್ಕಿಂತ ಬೇರೆ. 1905ರಲ್ಲಿ ಐನ್‌ಸ್ಟೈನ್ ನೀಡಿದ ವಿವರಣೆಯಲ್ಲಿ ಅಂಥ ಕಣದ ಪ್ರತಿ ಹೆಜ್ಜೆಯೂ ಹಿಂದಿನದನ್ನು ಮರೆತ ಹೆಜ್ಜೆ.

ನೆನಪಿನಿಂದ ಆಗುವ ವ್ಯತ್ಯಾಸವೇನೆಂಬುದು 2010ರ ಪ್ರಯೋಗದಲ್ಲಿ ತಿಳಿದುಬಂತು. ತಿರುಗುವ ತಟ್ಟೆಯಲ್ಲಿ ಹನಿಯು ವೃತ್ತಾಕಾರವಾಗಿ ಸುತ್ತುತ್ತದೆ. ಅಲೆಗಳು ಬೇಗ ಅಡಗುವಾಗ ವೃತ್ತವು ಯಾವ ಅಳತೆಯದಾದರೂ ಆಗಬಹುದು. ಅವು ಬಹಳ ಹೊತ್ತು ಉಳಿಯುವಾಗಲಾದರೋ ಕೆಲವು ನಿಯತ ಅಳತೆಯ ವೃತ್ತಗಳು ಮಾತ್ರ ಸಾಧ್ಯ. ಪರಮಾಣುವಿನ ಎಲೆಕ್ಟ್ರಾನುಗಳಿಗೆ ನಿಯತ ಶಕ್ತಿಮಟ್ಟಗಳು ಮಾತ್ರ ಇರುವುದನ್ನು ಇದು ನೆನಪಿಸುತ್ತದೆ.

ಹಾಗೆಂದು ಪರಮಾಣುವಿನ ರಹಸ್ಯವೇ ಬಯಲಾಯಿತೆಂದು ನಾವು ಭಾವಿಸಬಾರದು. ಎರಡು ಸೀಳುಗಳ ಮುಂದೆ ಹನಿಯು ಎಲೆಕ್ಟ್ರಾನಿನಂತೆಯೇ ವರ್ತಿಸುವುದೆಂದು 2006ರಲ್ಲಿ ವರದಿಯಾಗಿತ್ತು. 2015ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಥ ವರ್ತನೆ ಕಾಣಲಿಲ್ಲ. ಹೋಲಿಕೆ ಎಷ್ಟೇ ಸೊಗಸಾಗಿದ್ದರೂ ಮರುಪರೀಕ್ಷೆಗೆ ನಿಲ್ಲದಿದ್ದರೆ ಕೈಬಿಡಬೇಕಾಗುತ್ತದೆ.

ಆದರೂ ಹಾದಿಯ ನೆನಪು ಸುಳ್ಳಾಗಲಿಲ್ಲ. ಹನಿಯು ಪುಟಿಯುವ ಗತಿಯನ್ನು ತಕ್ಕಷ್ಟು ಪಲ್ಲಟಗೊಳಿಸಿದರೆ ಅದು ಹಿಂದಿರುಗಿ, ಬಂದ ಹಾದಿಯಲ್ಲಿಯೇ ನಡೆಯುವುದೆಂದು 2016ರಲ್ಲಿ ಪ್ಯಾರಿಸ್ಸಿನವರು ತೋರಿಸಿದರು. ಹಾಗೆ ಮರಳುವಾಗ ಅದರ ಒಂದೊಂದು ಹೆಜ್ಜೆಯೂ ತಾನು ಹಿಂದೆ ಎಬ್ಬಿಸಿದ ಅಲೆಯನ್ನು ಅಳಿಸುತ್ತಾ ಹೋಗುತ್ತದೆ.